ಡಿಸ್ಕೌಂಟ್ ಸ್ಟೋರ್‌ನಲ್ಲಿ ಸಂಬಳ ಏಕೆ ಇಷ್ಟು ಕಡಿಮೆ? ಸಂಘ ಕಟ್ಟಿದರೆ ಕೆಲಸ ಹೋಗುತ್ತಾ?

ಪ್ರಶ್ನೆ: ಮೇಡಂ, ನನಗೆ 29 ವರ್ಷ. ಕೆಂಗೇರಿ ಕಡೆ ಒಂದು ದೊಡ್ಡ ಡಿಸ್ಕೌಂಟ್ ಸ್ಟೋರ್‌ನಲ್ಲಿ ನಾಲ್ಕು ವರ್ಷದಿಂದ ಬಿಲ್ಲಿಂಗ್ ಕೌಂಟರ್‌ನಲ್ಲಿದ್ದೇನೆ. ಹೋದ ವರ್ಷ ‘ಟೀಮ್ ಲೀಡರ್’ ಅಂತ ಹೆಸರು ಕೊಟ್ಟು 600 ರೂಪಾಯಿ ಜಾಸ್ತಿ ಮಾಡಿದರು. ಸ್ಲಿಪ್‌ನಲ್ಲಿ ಒಟ್ಟು ಸಂಬಳ 17,600, ಬೇಸಿಕ್ 15,000. ಕೈಗೆ ಬರುವುದು 14,900. ಪಿಎಫ್, ಇಎಸ್‌ಐ ಅಲ್ಲದೆ ಮಾಲು, ಕ್ಯಾಶ್ ಕಡಿಮೆ ಬಂತು ಅಂತ ‘ಶಾರ್ಟೇಜ್’ ಹೆಸರಲ್ಲೂ ಹಿಡಿಯುತ್ತಾರೆ. ನನ್ನ ಡ್ಯೂಟಿ ಮಧ್ಯಾಹ್ನ 1.30ರಿಂದ ರಾತ್ರಿ 10.30. ಊಟಕ್ಕೆ ಒಂದು ಗಂಟೆ. 10.30ಕ್ಕೆ ಪಂಚ್ ಔಟ್ ಮಾಡಿಸಿ, ಆಮೇಲೆ ಕ್ಯಾಶ್ ಲೆಕ್ಕ, ರ್ಯಾಕ್ ಜೋಡಿಸುವುದು ಅಂತ ಇನ್ನೊಂದು ಗಂಟೆ ನಿಲ್ಲಿಸಿಕೊಳ್ಳುತ್ತಾರೆ. ಕೂರಲು ಸ್ಟೂಲ್ ಇಲ್ಲ. ಅರ್ಧಕ್ಕಿಂತ ಜಾಸ್ತಿ ಜನ ಏಜೆನ್ಸಿ ಮೂಲಕ ಬಂದವರು. ನಾವು ಕೆಲವರು ಸಂಘ ಮಾಡೋಣ ಅಂತ ಮಾತಾಡಿಕೊಂಡಿದ್ದು ಹೇಗೋ ಮ್ಯಾನೇಜರ್ ಕಿವಿಗೆ ಬಿತ್ತು. ಎಚ್‌ಆರ್ ನನ್ನನ್ನು ಕರೆದು, ‘ಖಾಸಗಿ ಅಂಗಡಿಯಲ್ಲಿ ಯೂನಿಯನ್ ಇರುವ ಹಾಗಿಲ್ಲ, ಸೇರುವಾಗ ನೀನೇ ಸಹಿ ಹಾಕಿದ್ದೀಯ, ಟೀಮ್ ಲೀಡರ್ ಅಂದರೆ ಮ್ಯಾನೇಜ್‌ಮೆಂಟ್ ಕಡೆಯವಳು, ಇದೆಲ್ಲ ಮುಂದುವರಿದರೆ ಹೊಸಕೋಟೆ ಸ್ಟೋರ್‌ಗೆ ಹಾಕ್ತೀವಿ’ ಅಂದರು. ಎರಡು ಮಕ್ಕಳಿದ್ದಾರೆ, ಬಾಡಿಗೆ ಮನೆ. ಸಂಘ ಅಂದರೆ ಅಂಗಡಿಯನ್ನೇ ಮುಚ್ಚುತ್ತಾರೆ ಅಂತ ಜೊತೆಯವರೂ ಹೆದರುತ್ತಿದ್ದಾರೆ. ಸುಮ್ನೆ ಇದ್ದುಬಿಡಲೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಸಂಕಟಗಳು ಸೇರಿಕೊಂಡಿವೆ. ಸಂಬಳ ಸಾಲುವುದಿಲ್ಲ ಅನ್ನುವುದು ಒಂದು. ಕೇಳಿದರೆ ಇರುವುದೂ ಹೋಗುತ್ತದೆ ಅನ್ನುವುದು ಇನ್ನೊಂದು. ನಾನು ಬೆಂಗಳೂರಿನಲ್ಲಿ ಕಾರ್ಮಿಕರ ಪರ ಕೇಸು ನಡೆಸುವ ವಕೀಲೆ. ಅಂಗಡಿ, ಮಾಲ್, ಗೋದಾಮಿನವರು ಇದೇ ಎರಡು ಮಾತು ಹೇಳಿಕೊಂಡು ಬರುತ್ತಾರೆ. ಅವರಿಗೆ ಮೊದಲು ಹೇಳುವುದನ್ನೇ ನಿಮಗೂ ಹೇಳುತ್ತೇನೆ: ಸಂಘದ ಮಾತಿಗೆ ಮುಂಚೆ ಸ್ಲಿಪ್ ತೆಗೆಯಿರಿ. ನಿಮ್ಮ ಸಂಬಳ ಕಡಿಮೆ ಇರುವುದು ನಿಜ. ಆದರೆ ಕಾನೂನಿನ ಪ್ರಕಾರ ನಿಮಗೆ ಬರಬೇಕಾದಷ್ಟೂ ಬರುತ್ತಿಲ್ಲ. ಈ ಎರಡು ಬೇರೆ ಬೇರೆ ವಿಷಯ, ಎರಡಕ್ಕೂ ದಾರಿ ಬೇರೆ.

ಲೆಕ್ಕ ನೋಡೋಣ. 15,000 ಬೇಸಿಕ್ ಮೇಲೆ ಪಿಎಫ್ ಶೇ 12, ಅಂದರೆ 1,800. ಇಎಸ್‌ಐ ನಿಮ್ಮ ಪಾಲು ಶೇ 0.75, ಅಂದರೆ 132. ವೃತ್ತಿ ತೆರಿಗೆ ನಿಮಗೆ ಬರುವುದಿಲ್ಲ. 2023ರ ಏಪ್ರಿಲ್‌ನಿಂದ ಕರ್ನಾಟಕದಲ್ಲಿ 25,000ಕ್ಕಿಂತ ಕಡಿಮೆ ಸಂಬಳಕ್ಕೆ ಅದು ಇಲ್ಲ. ಯಾರದ್ದಾದರೂ ಸ್ಲಿಪ್‌ನಲ್ಲಿ ಇನ್ನೂ 200 ರೂಪಾಯಿ ಹಿಡಿಯುತ್ತಿದ್ದರೆ ಕೇಳಲೇಬೇಕು. ಹಾಗಾದರೆ ನಿಮ್ಮ ಕೈಗೆ 15,668 ಬರಬೇಕು. ಬರುವುದು 14,900. ತಿಂಗಳಿಗೆ 768 ರೂಪಾಯಿ ಶಾರ್ಟೇಜ್ ಹೆಸರಲ್ಲಿ ಹೋಗುತ್ತಿದೆ, ವರ್ಷಕ್ಕೆ 9,216.

ಈಗ ಆ ಒಂದು ಗಂಟೆ. 1.30ರಿಂದ 10.30, ಊಟದ ಗಂಟೆ ಬಿಟ್ಟರೆ 8 ಗಂಟೆ ಕೆಲಸ. ವಾರಕ್ಕೆ 6 ದಿನ, 48 ಗಂಟೆ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರ ಮಿತಿಯೂ ಅಷ್ಟೇ: ವಾರಕ್ಕೆ 48 ಗಂಟೆ. ಅದರ ಮೇಲಿನ ಪ್ರತಿ ಗಂಟೆಗೂ ಎರಡು ಪಟ್ಟು ಸಂಬಳ ಕೊಡಬೇಕು. ನಿಮ್ಮ 17,600ನ್ನು 26 ದಿನಕ್ಕೆ, ಆಮೇಲೆ 8 ಗಂಟೆಗೆ ಭಾಗಿಸಿದರೆ ಗಂಟೆಗೆ ಸುಮಾರು 85 ರೂಪಾಯಿ. ಓಟಿ, ಅಂದರೆ ಹೆಚ್ಚುವರಿ ಗಂಟೆಯ ದರ ಅದರ ಎರಡು ಪಟ್ಟು, ಸುಮಾರು 169. ತಿಂಗಳಿಗೆ 26 ಗಂಟೆ ಅಂದರೆ 4,400 ರೂಪಾಯಿ. ಅದೂ ಅಲ್ಲದೆ ಮೂರು ತಿಂಗಳಿಗೆ 50 ಗಂಟೆಗಿಂತ ಜಾಸ್ತಿ ಓಟಿ ಮಾಡಿಸುವ ಹಾಗೇ ಇಲ್ಲ. ನಿಮ್ಮಿಂದ 78 ಗಂಟೆ ಮಾಡಿಸಿದ್ದಾರೆ, ದುಡ್ಡು ಕೊಡದೆ.

768 ಮತ್ತು 4,400 ಸೇರಿಸಿ. 5,168 ರೂಪಾಯಿ. ನೀವು ಮನೆಗೆ ಒಯ್ಯುವ ದುಡ್ಡಿನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ. ಇದಕ್ಕೆ ಯಾವ ಬೇಡಿಕೆ ಪಟ್ಟಿಯೂ ಬೇಕಿಲ್ಲ. ಇದು ಈಗಾಗಲೇ ನಿಮ್ಮದು.

ಇದರ ಜೊತೆಗೆ ಇನ್ನೊಂದು ಪರೀಕ್ಷೆ ಮಾಡಿ. ಸರ್ಕಾರ ಪ್ರತಿ ವರ್ಷ ಏಪ್ರಿಲ್ 1ರಿಂದ ತುಟ್ಟಿಭತ್ಯೆ ಸೇರಿಸಿ ಕನಿಷ್ಠ ವೇತನದ ಹೊಸ ಪಟ್ಟಿ ಹೊರಡಿಸುತ್ತದೆ. ಕಾರ್ಮಿಕ ಇಲಾಖೆಯ ಜಾಲತಾಣದಲ್ಲಿ ಕನ್ನಡದಲ್ಲೇ ಸಿಗುತ್ತದೆ. ಅದರಲ್ಲಿ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳು ಅನ್ನುವ ಪಟ್ಟಿ, ಬೆಂಗಳೂರಿನ ವಲಯ, ನಿಮ್ಮ ಕೆಲಸದ ದರ್ಜೆ, ಈ ಮೂರನ್ನೂ ಹುಡುಕಿ. ಬಿಲ್ಲಿಂಗ್ ಮಾಡುವವರನ್ನು ಕಂಪನಿಗಳು ‘ಸಹಾಯಕ’ ಅಂತ ಕೆಳಗಿನ ದರ್ಜೆಯಲ್ಲಿ ತೋರಿಸಿ ಕಡಿಮೆ ಕೊಡುವುದನ್ನು ನಾನು ತುಂಬಾ ನೋಡಿದ್ದೇನೆ. ನೀವು ನಿಜವಾಗಿ ಏನು ಕೆಲಸ ಮಾಡುತ್ತೀರಿ ಅನ್ನುವುದರ ಮೇಲೆ ದರ್ಜೆ ನಿಲ್ಲುತ್ತದೆ. ಈ ಪಟ್ಟಿಗಿಂತ ಒಂದು ರೂಪಾಯಿ ಕಡಿಮೆ ಇದ್ದರೂ, ನೀವೇ ಒಪ್ಪಿ ಸಹಿ ಹಾಕಿದ್ದರೂ, ಆ ಒಪ್ಪಂದ ನಿಲ್ಲುವುದಿಲ್ಲ. ಕನಿಷ್ಠ ವೇತನವನ್ನೂ ಕೊಡಲಾಗದ ಉದ್ದಿಮೆಗೆ ನಡೆಯುವ ಹಕ್ಕೇ ಇಲ್ಲ ಅಂತ ಸುಪ್ರೀಂ ಕೋರ್ಟ್ 1950ರ ದಶಕದಲ್ಲೇ ಹೇಳಿದೆ.

ಶಾರ್ಟೇಜ್ ಹಿಡಿಯುವುದು ಸರಿಯೇ?

ಕೆಲವು ಸಲ ಸರಿ, ಹೆಚ್ಚಿನ ಸಲ ತಪ್ಪು. ಕೇಂದ್ರದ ಹಳೆಯ ಕಾರ್ಮಿಕ ಕಾನೂನುಗಳನ್ನು ಒಟ್ಟುಗೂಡಿಸಿದ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಸಂಬಳದ ವಿಷಯ ಈಗ ವೇತನ ಸಂಹಿತೆ 2019ರ ಅಡಿಯಲ್ಲಿದೆ. ಹಳೆಯ ವೇತನ ಪಾವತಿ ಕಾಯ್ದೆಯಲ್ಲಿದ್ದ ನಿಯಮವೇ ಇಲ್ಲೂ ಇದೆ. ನಿಮ್ಮ ಕೈಗೇ ಒಪ್ಪಿಸಿದ ಹಣ ಅಥವಾ ವಸ್ತು ನಿಮ್ಮ ನಿರ್ಲಕ್ಷ್ಯದಿಂದಲೇ ಹೋಗಿದ್ದರೆ ಮಾತ್ರ ಹಿಡಿಯಬಹುದು. ಹೋದ ಮೊತ್ತಕ್ಕಿಂತ ಜಾಸ್ತಿ ಹಿಡಿಯುವ ಹಾಗಿಲ್ಲ. ಹಿಡಿಯುವ ಮುಂಚೆ ನಿಮ್ಮ ವಿವರಣೆ ಕೇಳಬೇಕು.

ಅಂದರೆ ನಿಮ್ಮ ಕೌಂಟರ್‌ನ ಗಲ್ಲಾದಲ್ಲಿ 300 ರೂಪಾಯಿ ಕಡಿಮೆ ಬಂತು, ನಿಮ್ಮನ್ನು ಕೇಳಿದರು, ನಿಮ್ಮ ತಪ್ಪು ಅಂತ ಗೊತ್ತಾಯಿತು ಅಂದರೆ ಹಿಡಿಯಬಹುದು. ಆದರೆ ರ್ಯಾಕ್‌ನಿಂದ ಗಿರಾಕಿ ಕದ್ದ ಶಾಂಪೂ, ಇಲಿ ಕಡಿದ ಬೇಳೆ ಪ್ಯಾಕೆಟ್, ಸಪ್ಲೈಯರ್ ಕಡಿಮೆ ಇಳಿಸಿದ ಮಾಲು, ಇದನ್ನೆಲ್ಲ ಒಟ್ಟು ಮಾಡಿ ನೌಕರರ ತಲೆಗೆ ಹಂಚುವುದು ಕಾನೂನು ಅಲ್ಲ. ಅದು ವ್ಯಾಪಾರದ ನಷ್ಟ, ಅದನ್ನು ವ್ಯಾಪಾರವೇ ಹೊರಬೇಕು. ಪ್ರತಿ ತಿಂಗಳೂ ಎಲ್ಲರಿಗೂ ಹೆಚ್ಚು ಕಡಿಮೆ ಒಂದೇ ಮೊತ್ತ ಹಿಡಿಯುತ್ತಿದ್ದರೆ, ಯಾರ ತಪ್ಪು ಅಂತ ಯಾರೂ ನೋಡಿಲ್ಲ ಅನ್ನುವುದಕ್ಕೆ ಅದೇ ಸಾಕ್ಷಿ. ಹಾಗಾಗಿ ನಿಮ್ಮ ಜೊತೆಯ ನಾಲ್ಕೈದು ಜನರ ಸ್ಲಿಪ್ ಪಕ್ಕ ಪಕ್ಕ ಇಟ್ಟು ನೋಡಿ.

ಸಂಬಳ ಏಕೆ ಏರುವುದಿಲ್ಲ

ಎಚ್‌ಆರ್ ಕೆಟ್ಟವರು, ಮಾಲೀಕರು ಜಿಪುಣರು ಅನ್ನುವುದರಿಂದ ಇದು ಪೂರ್ತಿ ಅರ್ಥವಾಗುವುದಿಲ್ಲ. ಡಿಸ್ಕೌಂಟ್ ವ್ಯಾಪಾರ ನಡೆಯುವ ರೀತಿಯೇ ಹಾಗಿದೆ. ಎಂಆರ್‌ಪಿಗಿಂತ ಕಡಿಮೆಗೆ ಮಾರಬೇಕು, ಒಂದೊಂದು ವಸ್ತುವಿನ ಮೇಲೆ ತೆಳು ಲಾಭ, ಗಿರಾಕಿಗಳ ಸಂಖ್ಯೆಯಿಂದಲೇ ಹೊಟ್ಟೆ ತುಂಬಬೇಕು. ಬಾಡಿಗೆ, ಕರೆಂಟ್ ಬಿಲ್, ಮಾಲಿನ ಬೆಲೆ, ಇವು ಸ್ಟೋರ್ ಮ್ಯಾನೇಜರ್ ಕೈಯಲ್ಲಿಲ್ಲ. ಅವನ ಕೈಯಲ್ಲಿರುವುದು ಒಂದೇ: ಎಷ್ಟು ಜನರನ್ನು ಇಟ್ಟುಕೊಳ್ಳುವುದು, ಎಷ್ಟು ಹೊತ್ತು ನಿಲ್ಲಿಸಿಕೊಳ್ಳುವುದು. ಮೇಲಿನಿಂದ ಅವನಿಗೆ ಟಾರ್ಗೆಟ್ ಬರುತ್ತದೆ. ಅವನು ಅದನ್ನು ನಿಮ್ಮ ಪಂಚ್ ಔಟ್ ನಂತರದ ಗಂಟೆಯಲ್ಲಿ ತೀರಿಸುತ್ತಾನೆ.

ಲೆಕ್ಕಕ್ಕೆ ಅಂತ ಇಟ್ಟುಕೊಳ್ಳಿ, 100 ರೂಪಾಯಿ ಮಾರಾಟದಲ್ಲಿ 4 ರೂಪಾಯಿ ಸಂಬಳಕ್ಕೆ ಹೋಗುತ್ತದೆ. ಎಲ್ಲರ ಸಂಬಳ ಶೇ 25ರಷ್ಟು ಏರಿಸಿದರೆ ಆಗುವ ಹೆಚ್ಚುವರಿ ಖರ್ಚು 1 ರೂಪಾಯಿ. ಗಿರಾಕಿಗೆ ಆ ಒಂದು ರೂಪಾಯಿ ಗೊತ್ತೂ ಆಗುವುದಿಲ್ಲ. ಆದರೆ ಕಂಪನಿಗೆ ನೂರಕ್ಕೆ ಉಳಿಯುವುದೇ ಮೂರೋ ನಾಲ್ಕೋ ರೂಪಾಯಿ ಆಗಿದ್ದರೆ, ಆ ಒಂದು ರೂಪಾಯಿ ದೊಡ್ಡದು. ಸಂಬಳ ಏರಿಸಿದರೆ ಅಂಗಡಿ ಮುಳುಗುತ್ತದೆ ಅನ್ನುವುದೂ ಸುಳ್ಳು, ಏರಿಸುವುದು ಅವರಿಗೆ ಏನೂ ಅಲ್ಲ ಅನ್ನುವುದೂ ಸುಳ್ಳು. ಕೊಡಬಲ್ಲರು. ಯಾರೂ ಒಟ್ಟಾಗಿ ಕೇಳದಿದ್ದರೆ ಕೊಡುವುದಿಲ್ಲ.

ಒಟ್ಟಾಗಿ ಕೇಳುವುದು ಇಲ್ಲಿ ಏಕೆ ಕಷ್ಟ? ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಸಾವಿರ ಜನ ಒಂದೇ ಗೇಟಿನಿಂದ ಹೊರಗೆ ಬರುತ್ತಾರೆ. ನಿಮ್ಮಲ್ಲಿ ಒಂದು ಅಂಗಡಿಗೆ ಐವತ್ತು ಅರವತ್ತು ಜನ, ಅದೂ ಎರಡು ಪಾಳಿಯಲ್ಲಿ. ವೀಕ್ ಆಫ್ ಒಬ್ಬೊಬ್ಬರಿಗೆ ಒಂದೊಂದು ದಿನ. ಅರ್ಧ ಜನ ಏಜೆನ್ಸಿಯವರು, ಕೆಲವರು ಬಿಸ್ಕತ್ತು, ಸೋಪು ಕಂಪನಿಗಳು ತಮ್ಮ ಮಾಲು ಮಾರಲು ನಿಲ್ಲಿಸಿದ ಪ್ರಮೋಟರ್‌ಗಳು. ಒಂದೇ ಯೂನಿಫಾರ್ಮ್ ಹಾಕಿದ್ದರೂ ಸಂಬಳ ಕೊಡುವವರು ಬೇರೆ. ವರ್ಷದೊಳಗೆ ಎಷ್ಟೋ ಜನ ಬಿಟ್ಟು ಡೆಲಿವರಿಗೋ ಇನ್ನೊಂದು ಮಾಲಿಗೋ ಹೋಗುತ್ತಾರೆ. ನಿಮ್ಮಂತೆ ನಾಲ್ಕು ವರ್ಷ ಉಳಿದವರು ಕಡಿಮೆ. ಅದಕ್ಕೇ ಕಂಪನಿಗೆ ನಿಮ್ಮ ಮೇಲೆ ಕಣ್ಣು ಬಿದ್ದಿದೆ. ಹಳಬರ ಮಾತಿಗೆ ಉಳಿದವರು ಕಿವಿಗೊಡುತ್ತಾರೆ.

ನಿಮಗೆ ಹೇಳಿದ ಮಾತುಗಳಲ್ಲಿ ಯಾವುದು ನಿಜ

‘ಖಾಸಗಿ ಅಂಗಡಿಯಲ್ಲಿ ಯೂನಿಯನ್ ಇರುವ ಹಾಗಿಲ್ಲ.’ ಇದು ಸುಳ್ಳು. ಸಂಘ ಕಟ್ಟುವುದು ಸಂವಿಧಾನದ 19(1)(ಸಿ) ವಿಧಿ ಕೊಟ್ಟ ಹಕ್ಕು. ಇದೇ ಬೆಂಗಳೂರಿನಲ್ಲಿ 2017ರಲ್ಲಿ ಐಟಿ ಉದ್ಯೋಗಿಗಳು ಸಂಘ ನೋಂದಾಯಿಸಿಕೊಂಡಿದ್ದಾರೆ. ಬಿಬಿಎಂಪಿ ಪೌರಕಾರ್ಮಿಕರು ಗುತ್ತಿಗೆದಾರರ ಕೈಯಿಂದ ಬಿಡಿಸಿಕೊಂಡು ಪಾಲಿಕೆಯಿಂದಲೇ ನೇರವಾಗಿ ಸಂಬಳ ಪಡೆಯುವ ಹಾಗಾಗಿದ್ದು ಸಂಘದ ಹೋರಾಟದಿಂದ. ಅಂಗಡಿಗೆ ಬೇರೆ ಕಾನೂನು ಇಲ್ಲ.

‘ಸೇರುವಾಗ ಸಹಿ ಹಾಕಿದ್ದೀಯ.’ ಆ ಸಹಿಗೆ ಬೆಲೆ ಇಲ್ಲ. ಸಂಘಕ್ಕೆ ಸೇರಿದರೆ ಕೆಲಸದಿಂದ ತೆಗೆಯುತ್ತೇವೆ ಅಂತ ಹೆದರಿಸುವುದೇ ಕಾನೂನಿನಲ್ಲಿ ‘ಅನುಚಿತ ಕಾರ್ಮಿಕ ಪದ್ಧತಿ’. ಆಡಳಿತದ ನೆಪ ಹೇಳಿ ಸೇಡಿನಿಂದ ವರ್ಗ ಮಾಡುವುದೂ ಅದೇ ಪಟ್ಟಿಯಲ್ಲಿದೆ. ಕೆಂಗೇರಿಯವರನ್ನು ಬೆಂಗಳೂರಿನ ಇನ್ನೊಂದು ತುದಿ ದಾಟಿದ ಹೊಸಕೋಟೆಗೆ ಹಾಕುತ್ತೇವೆ ಅಂದರೆ ಏನರ್ಥ ಅಂತ ಈ ಊರಲ್ಲಿ ಇರುವ ಎಲ್ಲರಿಗೂ ಗೊತ್ತು. ರಾತ್ರಿ 11.30ಕ್ಕೆ ಹೊಸಕೋಟೆಯಿಂದ ಕೆಂಗೇರಿಗೆ ಮಕ್ಕಳಿರುವ ಹೆಣ್ಣುಮಗಳು ಹೇಗೆ ಬರಬೇಕು? ಅವರೇ ಕೆಲಸ ಬಿಡಲಿ ಅಂತಲೇ ಇಂಥ ವರ್ಗ ಮಾಡುವುದು. ಎಚ್‌ಆರ್ ನಿಮಗೆ ಈ ಮಾತು ಹೇಳಿದ ದಿನ, ಹೊತ್ತು, ಅಲ್ಲಿ ಯಾರಿದ್ದರು, ಏನಂದರು, ಇಷ್ಟನ್ನೂ ಇವತ್ತೇ ಬರೆದಿಡಿ. ಮುಂದೆ ವರ್ಗದ ಆದೇಶ ಬಂದರೆ ಈ ಟಿಪ್ಪಣಿ ಕೆಲಸಕ್ಕೆ ಬರುತ್ತದೆ.

‘ಟೀಮ್ ಲೀಡರ್ ಅಂದರೆ ಮ್ಯಾನೇಜ್‌ಮೆಂಟ್.’ ಅಲ್ಲ. ಕೈಗಾರಿಕಾ ಸಂಬಂಧಗಳ ಸಂಹಿತೆ 2020ರ ಪ್ರಕಾರ ಮುಖ್ಯವಾಗಿ ಮ್ಯಾನೇಜರ್ ಅಥವಾ ಆಡಳಿತದ ಕೆಲಸ ಮಾಡುವವರು, ಮತ್ತು ಮೇಲ್ವಿಚಾರಣೆ ಕೆಲಸ ಮಾಡುತ್ತಾ ತಿಂಗಳಿಗೆ 18,000ಕ್ಕಿಂತ ಜಾಸ್ತಿ ವೇತನ ಪಡೆಯುವವರು ‘ಕಾರ್ಮಿಕ’ ಅನ್ನುವ ಅರ್ಥದಿಂದ ಹೊರಗೆ. ನಿಮ್ಮದು 17,600. ಅಲ್ಲದೆ ದಿನವಿಡೀ ನೀವೇ ಬಿಲ್ ಹಾಕುತ್ತೀರಿ. ರಜೆ ಮಂಜೂರು ಮಾಡುವ, ಕೆಲಸಕ್ಕೆ ತೆಗೆದುಕೊಳ್ಳುವ ಅಧಿಕಾರ ನಿಮಗಿಲ್ಲ. ಇಲ್ಲೊಂದು ಎಚ್ಚರಿಕೆ. ಮುಂದೆ ಸಂಬಳ 18,500 ಮಾಡಿ ‘ಸೂಪರ್‌ವೈಸರ್’ ಅಂತ ಪತ್ರ ಕೊಡಬಹುದು. ಸಂಬಳ ಬಿಡಬೇಡಿ, ತೆಗೆದುಕೊಳ್ಳಿ. ಆದರೆ ಕೆಲಸ ಬದಲಾಗಿಲ್ಲದಿದ್ದರೆ, ‘ನನ್ನ ಕೆಲಸ ಮೊದಲಿನಂತೆ ಬಿಲ್ಲಿಂಗ್’ ಅಂತ ಒಂದು ಸಾಲಿನ ಮೇಲ್ ಕಳಿಸಿ ಇಟ್ಟುಕೊಳ್ಳಿ. ಕೋರ್ಟ್ ನೋಡುವುದು ನೀವು ಮಾಡುವ ಕೆಲಸವನ್ನು. ಹುದ್ದೆಗೆ ಏನು ಹೆಸರಿಟ್ಟಿದ್ದಾರೆ ಅನ್ನುವುದಕ್ಕೆ ಅಲ್ಲಿ ತೂಕ ಕಡಿಮೆ.

ಏಜೆನ್ಸಿಯವರ ಬಗ್ಗೆ ನೀವು ಕೇಳಿಲ್ಲ, ಆದರೆ ಅವರನ್ನು ಬಿಟ್ಟರೆ ನಿಮ್ಮ ಸಂಘ ನಿಲ್ಲುವುದಿಲ್ಲ. ಅವರೂ ಕಾರ್ಮಿಕರೇ, ಅವರೂ ಸೇರಬಹುದು. ಏಜೆನ್ಸಿ ಸಂಬಳ ಕೊಡದಿದ್ದರೆ ಅಂಗಡಿ ಕಂಪನಿಯೇ ಕೊಡಬೇಕು. ಆದರೆ ಅವರ ಭಯ ನಿಮ್ಮದಕ್ಕಿಂತ ದೊಡ್ಡದು. ನಿಮ್ಮನ್ನು ತೆಗೆಯಬೇಕಾದರೆ ಕಾರಣ ಬೇಕು, ಅಂಗಡಿ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ಆರು ತಿಂಗಳು ಕೆಲಸ ಮಾಡಿದವರಿಗೆ ಒಂದು ತಿಂಗಳ ನೋಟಿಸ್ ಅಥವಾ ಅಷ್ಟು ಸಂಬಳ ಬೇಕು. ಅವರಿಗೆ ‘ನಾಳೆಯಿಂದ ಬರಬೇಡ’ ಅಂತ ಫೋನ್ ಬರುತ್ತದೆ. ಅದಕ್ಕೇ ಅವರನ್ನು ಮುಂದೆ ನಿಲ್ಲಿಸಬೇಡಿ. ಜೊತೆಯಲ್ಲಿ ಇರಲಿ, ಅರ್ಜಿಯ ಮೊದಲ ಸಹಿ ಅವರದ್ದಾಗದಿರಲಿ.

‘ಅಂಗಡಿ ಮುಚ್ಚುತ್ತಾರೆ.’ ಇದರಲ್ಲಿ ಸ್ವಲ್ಪ ಸತ್ಯ ಇದೆ, ಮುಚ್ಚಿಡುವುದಿಲ್ಲ. ಕೆನಡಾದ ಕ್ವಿಬೆಕ್‌ನ ಜಾಂಕಿಯೇರ್ ಊರಲ್ಲಿ ವಾಲ್‌ಮಾರ್ಟ್ ಅಂಗಡಿಯ ನೌಕರರು 2004ರಲ್ಲಿ ಸಂಘ ಕಟ್ಟಿದರು, 2005ರಲ್ಲಿ ಕಂಪನಿ ಆ ಅಂಗಡಿಯನ್ನೇ ಮುಚ್ಚಿತು. 2014ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ನೌಕರರ ಪರ ತೀರ್ಪು ಕೊಟ್ಟಿತು. ಗೆದ್ದರು, ಆದರೆ ಒಂಬತ್ತು ವರ್ಷದ ನಂತರ, ಮುಚ್ಚಿದ ಅಂಗಡಿಯ ನೌಕರರಾಗಿ. ನಮ್ಮಲ್ಲಿ ಮುಚ್ಚಲು ಸರ್ಕಾರದ ಅನುಮತಿ ಬೇಕು ಅನ್ನುವ ನಿಯಮ ದೊಡ್ಡ ಕಾರ್ಖಾನೆ, ಗಣಿ, ತೋಟಗಳಿಗೆ. ಅಂಗಡಿಗೆ ಇಲ್ಲ. 50 ಅಥವಾ ಅದಕ್ಕಿಂತ ಜಾಸ್ತಿ ಕಾರ್ಮಿಕರಿದ್ದರೆ 60 ದಿನ ಮುಂಚೆ ನೋಟಿಸ್ ಕೊಡಬೇಕು, ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸಂಬಳದಂತೆ ಪರಿಹಾರ ಕೊಡಬೇಕು, ಅಷ್ಟೇ. ಹಾಗಂತ ಮುಚ್ಚುವುದು ಸುಲಭವೂ ಅಲ್ಲ. ಬೆಂಗಳೂರಿನಲ್ಲಿ ಅಷ್ಟು ದೊಡ್ಡ ಜಾಗ ಹಿಡಿಯಲು ವರ್ಷಗಟ್ಟಲೆ ಬೇಕು, ಗಿರಾಕಿ ಪಕ್ಕದ ಅಂಗಡಿಗೆ ಹೋದರೆ ವಾಪಸ್ ಬರುವುದಿಲ್ಲ. ಜಾಂಕಿಯೇರ್‌ನಿಂದ ನಾವು ಕಲಿಯಬೇಕಾದದ್ದು ಒಂದಿದೆ: ಒಂದೇ ಅಂಗಡಿಯವರು ಒಂಟಿಯಾಗಿ ನಿಂತರೆ ಆ ಅಂಗಡಿ ಗುರಿಯಾಗುತ್ತದೆ. ಕೆಂಗೇರಿ, ಯಲಹಂಕ, ಕೆ.ಆರ್. ಪುರ, ಬನ್ನೇರುಘಟ್ಟ ರಸ್ತೆ, ಎಲ್ಲ ಕಡೆ ಸದಸ್ಯರಿದ್ದರೆ ಮುಚ್ಚುವುದು ಎಷ್ಟನ್ನು?

ಹಾಗಾದರೆ ಏನು ಮಾಡಬಹುದು

ನಿಮ್ಮ ಮುಂದೆ ನಾಲ್ಕು ದಾರಿ ಇವೆ. ಒಂದಾದ ಮೇಲೆ ಒಂದು ಹಿಡಿಯಬಹುದು, ಎಲ್ಲವನ್ನೂ ಹಿಡಿಯಲೇಬೇಕು ಅಂತಿಲ್ಲ.

ಮೊದಲನೆಯದು ಕಾಗದ ಕೂಡಿಸುವುದು. ಇದರಲ್ಲಿ ಅಪಾಯ ಇಲ್ಲವೇ ಇಲ್ಲ ಅನ್ನಬಹುದು. ಅಪಾಯಿಂಟ್‌ಮೆಂಟ್ ಲೆಟರ್, ಸ್ಲಿಪ್‌ಗಳು, ಬ್ಯಾಂಕ್ ಪಾಸ್‌ಬುಕ್, ಡ್ಯೂಟಿ ಚಾರ್ಟ್‌ನ ಫೋಟೊ. ಪಿಎಫ್ ಜಮಾ ಆಗುತ್ತಿದೆಯೇ ಅಂತ ಸರ್ಕಾರದ ಉಮಂಗ್ ಆ್ಯಪ್‌ನಲ್ಲಿ ನೋಡಿ. ಹಿಡಿದು ಕಟ್ಟದೇ ಇರುವ ಏಜೆನ್ಸಿಗಳಿವೆ. ಆ ಒಂದು ಗಂಟೆಯ ಸಾಕ್ಷಿ ಮುಖ್ಯ: 10.30ಕ್ಕೇ ಪಂಚ್ ಔಟ್ ಆಗಿರುವುದರಿಂದ ಕಂಪನಿಯ ದಾಖಲೆಯಲ್ಲಿ ಅದು ಇಲ್ಲ. ಕೆಲಸ ಮುಗಿಸಿ ಹೊರಗೆ ಬಂದ ತಕ್ಷಣ ಮನೆಯವರಿಗೆ ‘ಈಗ ಹೊರಟೆ’ ಅಂತ ವಾಟ್ಸ್‌ಆ್ಯಪ್ ಮಾಡಿ. ದಿನಾ ಮಾಡಿ. ಆ ಮೆಸೇಜ್‌ಗಳ ಮೇಲೆ ಇರುವ ಸಮಯವೇ ನಿಮ್ಮ ಹಾಜರಿ ಪುಸ್ತಕ. ಒಂದು ಮಾತು: ಅಂಗಡಿಯ ಮಾರಾಟದ ಲೆಕ್ಕ, ಗಿರಾಕಿಗಳ ವಿವರ, ಸಿಸಿಟಿವಿ ದೃಶ್ಯ, ಇವುಗಳ ಫೋಟೊ ತೆಗೆಯಬೇಡಿ. ಅದೇ ನೆಪ ಮಾಡಿ ತೆಗೆದುಹಾಕುತ್ತಾರೆ.

ಎರಡನೆಯದು ಬಾಕಿಗೆ ಕ್ಲೇಮ್ ಹಾಕುವುದು. ವೇತನ ಸಂಹಿತೆಯಲ್ಲಿ ಇದಕ್ಕೆ ಮೂರು ವರ್ಷದ ಅವಧಿ ಇದೆ, ಹಿಂದೆ ಇಷ್ಟು ಇರಲಿಲ್ಲ. ಸಂಬಳ ಪೂರ್ತಿ ಕೊಟ್ಟಿದ್ದೇವೆ ಅಂತ ಸಾಬೀತು ಮಾಡುವ ಹೊಣೆ ಕಂಪನಿಯದ್ದು. ಒಬ್ಬರೇ ಹಾಕಬಹುದು, ಹಲವರು ಸೇರಿ ಹಾಕಬಹುದು, ಸಂಘದ ಮೂಲಕವೂ ಹಾಕಬಹುದು. ಒಬ್ಬರೇ ಹಾಕುವುದಕ್ಕೆ ನಾನು ಸಲಹೆ ಕೊಡುವುದಿಲ್ಲ. ಕಾನೂನಿನಲ್ಲಿ ಅಡ್ಡಿ ಇಲ್ಲ, ಆದರೆ ಒಬ್ಬರ ಹೆಸರು ಕಂಡರೆ ಒಬ್ಬರನ್ನೇ ಹಿಡಿಯುತ್ತಾರೆ. ಇಪ್ಪತ್ತು ಜನ ಇದ್ದರೆ ಮಾತಿಗೆ ಕರೆಯುತ್ತಾರೆ. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋದರೆ ನಿಮ್ಮ ಪ್ರದೇಶದ ಕಾರ್ಮಿಕ ನಿರೀಕ್ಷಕರು ಯಾರು ಅಂತ ಹೇಳುತ್ತಾರೆ. ವಕೀಲರ ಫೀಸಿನ ಚಿಂತೆ ಬೇಡ. ಕಾನೂನು ಸೇವಾ ಪ್ರಾಧಿಕಾರದ ಕಾಯ್ದೆಯಲ್ಲಿ ಮಹಿಳೆಯರಿಗೆ ಆದಾಯ ನೋಡದೆ ಉಚಿತ ನೆರವು ಇದೆ.

ಸಣ್ಣ ಮೊತ್ತಕ್ಕೆ ಇಷ್ಟೆಲ್ಲ ಬೇಕಾ ಅಂತ ಜೊತೆಯವರು ಕೇಳುತ್ತಾರೆ. 2020ರ ಏಪ್ರಿಲ್‌ನಲ್ಲಿ ಗಾರ್ಮೆಂಟ್ಸ್ ಕಾರ್ಮಿಕರಿಗೆ ಬರಬೇಕಿದ್ದ ತುಟ್ಟಿಭತ್ಯೆ ತಿಂಗಳಿಗೆ ಸುಮಾರು 417 ರೂಪಾಯಿ. ಸರ್ಕಾರ ಅದನ್ನು ಮುಂದಕ್ಕೆ ಹಾಕಿತು. ಸಂಘಗಳು ಹೈಕೋರ್ಟ್‌ಗೆ ಹೋದವು, ಕಾರ್ಖಾನೆಗಳನ್ನೂ ಅವರಿಂದ ಬಟ್ಟೆ ಕೊಳ್ಳುವ ವಿದೇಶಿ ಬ್ರ್ಯಾಂಡ್‌ಗಳನ್ನೂ ಬಿಡದೆ ಕೇಳಿದವು. ಕೊನೆಗೆ ಬಾಕಿ ಸಮೇತ ಕೊಡಬೇಕಾಯಿತು. ನಿಮ್ಮದು 417 ಅಲ್ಲ, 5,168.

ಮೂರನೆಯದು ಕುಂದುಕೊರತೆ ಸಮಿತಿ. 20 ಅಥವಾ ಅದಕ್ಕಿಂತ ಜಾಸ್ತಿ ಕಾರ್ಮಿಕರಿರುವ ಕಡೆ ಇದು ಇರಲೇಬೇಕು. ಆಡಳಿತದವರು ಅರ್ಧ, ಕಾರ್ಮಿಕರು ಅರ್ಧ, ಒಟ್ಟು 10 ಜನ ಮೀರುವಂತಿಲ್ಲ, ಮಹಿಳೆಯರಿಗೆ ಅವರ ಸಂಖ್ಯೆಗೆ ತಕ್ಕ ಜಾಗ. ನಿಮ್ಮ ಅಂಗಡಿಯಲ್ಲಿ ಇದೆಯೇ ಅಂತ ಕೇಳಿ ಮೇಲ್ ಕಳಿಸಿ. ಸಂಘ ಅನ್ನುವ ಪದ ಬಾಯಿಗೆ ಬರದೆಯೇ ಸ್ಟೂಲ್, ರಾತ್ರಿ ವಾಹನ, ಪಂಚ್ ಔಟ್ ಸಮಯ ಇವನ್ನು ಕಾಗದದ ಮೇಲೆ ತರಲು ಇದು ದಾರಿ. ಕೂರುವ ವಿಷಯ ಸಣ್ಣದಲ್ಲ. ಕೋಯಿಕ್ಕೋಡ್‌ನ ಮಿಠಾಯಿ ಬೀದಿಯ ಬಟ್ಟೆ ಅಂಗಡಿ ಹೆಣ್ಣುಮಕ್ಕಳು ಇದಕ್ಕಾಗಿ ವರ್ಷಗಟ್ಟಲೆ ಹೋರಾಡಿದ ಮೇಲೆ 2018ರಲ್ಲಿ ಕೇರಳ ತನ್ನ ಅಂಗಡಿ ಕಾಯ್ದೆಯನ್ನೇ ತಿದ್ದಿತು, 2021ರಲ್ಲಿ ತಮಿಳುನಾಡು ತಿದ್ದಿತು. ಕೇಂದ್ರದ ಸುರಕ್ಷತೆ ಸಂಹಿತೆಯೂ ನಿಂತು ಕೆಲಸ ಮಾಡುವವರಿಗೆ ಕೂರುವ ವ್ಯವಸ್ಥೆ ಬೇಕು ಅನ್ನುತ್ತದೆ. ಇನ್ನು ರಾತ್ರಿ: 2021ರ ಜನವರಿಯಲ್ಲಿ ಅಂಗಡಿಗಳನ್ನು ದಿನದ 24 ಗಂಟೆ ತೆರೆಯಲು ಸರ್ಕಾರ ಅನುಮತಿ ಕೊಟ್ಟಾಗ, ಮಹಿಳೆಯರನ್ನು ರಾತ್ರಿ 8ರ ನಂತರ ಇಟ್ಟುಕೊಳ್ಳಲು ಅವರ ಲಿಖಿತ ಒಪ್ಪಿಗೆ, ಭದ್ರತೆ, ವಾಹನ ವ್ಯವಸ್ಥೆ ಬೇಕು ಅಂತ ಷರತ್ತು ಹಾಕಿತು. ನಿಮ್ಮ ಒಪ್ಪಿಗೆ ಪತ್ರ ಎಲ್ಲಿದೆ ಅಂತ ಕೇಳಿ. ಈ ದಾರಿಯ ತೊಂದರೆ ಅಂದರೆ, ಕಾರ್ಮಿಕರ ಪ್ರತಿನಿಧಿಗಳನ್ನೂ ಮ್ಯಾನೇಜರೇ ಆರಿಸಿಬಿಡಬಹುದು. ಸಂಬಳ ಏರಿಸುವ ಮಾತು ಇಲ್ಲಿ ಮುಂದೆ ಹೋಗುವುದು ಕಷ್ಟ.

ನಾಲ್ಕನೆಯದು ಸಂಘ. ಕನಿಷ್ಠ ವೇತನಕ್ಕಿಂತ ಮೇಲಿನ ಒಂದೊಂದು ರೂಪಾಯಿಯೂ ಬರುವುದು ಇಲ್ಲಿಂದಲೇ. ಕಾನೂನು ನಿಮ್ಮನ್ನು ನೆಲದ ತನಕ ತಂದು ನಿಲ್ಲಿಸುತ್ತದೆ, ಅದರ ಮೇಲೆ ಏರಿಸುವುದಿಲ್ಲ. ಮೂವರು ವಯಸ್ಕರ ಬಳಕೆಯಷ್ಟು ಬೇಕಾಗುವ ಒಂದು ಸಂಸಾರದ ಊಟ, ಬಟ್ಟೆ, ಬಾಡಿಗೆ ಅಂತ 1957ರ ಭಾರತೀಯ ಕಾರ್ಮಿಕ ಸಮ್ಮೇಳನ ಒಂದು ಅಳತೆ ಹಾಕಿತ್ತು. ಮಕ್ಕಳ ಓದು, ಔಷಧಿ, ಹಬ್ಬ, ಮುಪ್ಪು ಇವಕ್ಕೆ ಅದರ ಮೇಲೆ ಇನ್ನೂ ಶೇ 25 ಸೇರಿಸಬೇಕು ಅಂತ ಸುಪ್ರೀಂ ಕೋರ್ಟ್ 1991ರಲ್ಲಿ ಹೇಳಿತು. ನಿಮ್ಮ ಬಾಡಿಗೆ, ಶಾಲೆ ಫೀಸು, ರೇಷನ್ ಬರೆದು ಆ ಅಳತೆಗೆ ಹಿಡಿದು ನೋಡಿ. ಸಂಘದ ಮೊದಲ ಬೇಡಿಕೆ ಪತ್ರ ಹೀಗೆಯೇ ಬರೆಯಬೇಕು, ನಿಮ್ಮ ಅಡುಗೆಮನೆಯ ಲೆಕ್ಕದಿಂದ.

ಏಳು ಜನ ಸೇರಿ ಅರ್ಜಿ ಹಾಕಬಹುದು. ಆದರೆ ನೋಂದಣಿಗೆ ಆ ಸಂಸ್ಥೆಯ ಕಾರ್ಮಿಕರಲ್ಲಿ ಶೇ 10 ಅಥವಾ 100 ಜನ, ಇದರಲ್ಲಿ ಯಾವುದು ಕಡಿಮೆಯೋ ಅಷ್ಟು ಸದಸ್ಯರು ಬೇಕು. ಒಂದಕ್ಕಿಂತ ಜಾಸ್ತಿ ಸಂಘಗಳಿದ್ದರೆ, ಕಂಪನಿ ಮಾತುಕತೆಗೆ ಕೂರಲೇಬೇಕು ಅನ್ನುವ ಸ್ಥಾನಕ್ಕೆ ಶೇ 51ರ ಬೆಂಬಲ ಬೇಕು. ಅಷ್ಟು ಯಾರಿಗೂ ಇಲ್ಲದಿದ್ದರೆ ಶೇ 20 ಇರುವ ಸಂಘಗಳು ಸೇರಿ ಮಾತುಕತೆ ಮಂಡಳಿ ಆಗುತ್ತದೆ. ನೋಂದಣಿಯೇ ಎಷ್ಟು ಎಳೆಯಬಹುದು ಅನ್ನುವುದಕ್ಕೆ ಪಕ್ಕದ ಉದಾಹರಣೆ ಶ್ರೀಪೆರಂಬದೂರಿನ ಸ್ಯಾಮ್‌ಸಂಗ್ ಕಾರ್ಖಾನೆ: 2024ರಲ್ಲಿ 37 ದಿನ ಮುಷ್ಕರ, ಹೈಕೋರ್ಟ್ ಮೆಟ್ಟಿಲು, ಆಮೇಲೆ 2025ರ ಜನವರಿಯಲ್ಲಿ ನೋಂದಣಿ ಪತ್ರ.

ಅದಕ್ಕೇ ನನ್ನ ಅಭಿಪ್ರಾಯ: ನೀವು ಕೆಲವರೇ ಹೊಸ ಸಂಘ ನೋಂದಾಯಿಸಲು ಈಗ ಓಡಬೇಡಿ. ಬೆಂಗಳೂರಿನಲ್ಲಿ ಈಗಾಗಲೇ ಇರುವ ಒಂದು ಕಾರ್ಮಿಕ ಸಂಘದಲ್ಲಿ ವೈಯಕ್ತಿಕವಾಗಿ ಸದಸ್ಯರಾಗಿ. ಯಾವ ಸಂಘ ಅಂತ ನಾನು ಹೇಳುವುದಿಲ್ಲ, ಆದರೆ ಹೇಗೆ ಆರಿಸುವುದು ಅಂತ ಹೇಳಬಲ್ಲೆ. ಚಂದಾಕ್ಕೆ ರಸೀದಿ ಕೊಡುತ್ತಾರೆಯೇ, ವರ್ಷದ ಲೆಕ್ಕ ಸದಸ್ಯರ ಮುಂದೆ ಓದುತ್ತಾರೆಯೇ, ಸಮಿತಿಯಲ್ಲಿ ಹೆಂಗಸರು ಇದ್ದಾರೆಯೇ, ಸಭೆ ನಿಮ್ಮ ವೀಕ್ ಆಫ್ ದಿನ ಇಡಲು ಒಪ್ಪುತ್ತಾರೆಯೇ. ಇಷ್ಟು ಸಾಕು. ಮೊದಲ ದಿನವೇ ಮುಷ್ಕರದ ಮಾತಾಡುವವರಿಂದ ದೂರ ಇರಿ. ಈಗ 14 ದಿನದ ನೋಟಿಸ್ ಇಲ್ಲದೆ ಮುಷ್ಕರ ಮಾಡುವ ಹಾಗಿಲ್ಲ, ಅರ್ಧದಷ್ಟು ಜನ ಒಂದೇ ದಿನ ರಜೆ ಹಾಕಿದರೂ ಅದು ಮುಷ್ಕರವೇ. ದಸರಾ, ದೀಪಾವಳಿ ಸೇಲ್ ಹೊತ್ತಿಗೆ ಹುಡುಗರು ಸಿಟ್ಟಿನಲ್ಲಿ ಹೀಗೆ ಮಾಡಿ ಸಿಕ್ಕಿಬೀಳುತ್ತಾರೆ.

ಅಪಾಯದ ಬಗ್ಗೆ ನೇರವಾಗಿ ಹೇಳುತ್ತೇನೆ. ಸಂಘ ಕಟ್ಟಿದ್ದಕ್ಕೆ ಕೆಲಸ ಹೋಗಬಾರದು ಅಂತ ಕಾನೂನು ಇದೆ. ಆದರೂ ಹೋಗುವುದುಂಟು, ಬೇರೆ ಕಾರಣ ಬರೆದು. ಕೇಸ್ ಹಾಕಿದರೆ ಗೆಲ್ಲುವ ಸಾಧ್ಯತೆ ಇದೆ, ಆದರೆ ವರ್ಷಗಳು ಹಿಡಿಯುತ್ತವೆ, ಆ ವರ್ಷಗಳಲ್ಲಿ ಬಾಡಿಗೆ ನಿಲ್ಲುವುದಿಲ್ಲ. ಆದ್ದರಿಂದ ಕ್ರಮ ಮುಖ್ಯ. ಬೇಡಿಕೆ ಪತ್ರ ಕೊಟ್ಟು, ಕಾರ್ಮಿಕ ಇಲಾಖೆಯಲ್ಲಿ ಸಂಧಾನ ಶುರುವಾದ ಮೇಲೆ, ಆ ವಿವಾದಕ್ಕೆ ಸಂಬಂಧಪಟ್ಟಂತೆ ಕಂಪನಿ ನಿಮ್ಮ ಕೆಲಸದ ಷರತ್ತು ಬದಲಿಸುವ ಹಾಗಿಲ್ಲ. ಅಲ್ಲಿ ತನಕ ಹೆಸರುಗಳು ಸಂಘದ ಕಚೇರಿಯ ಒಳಗೇ ಇರಲಿ. ವಾಟ್ಸ್‌ಆ್ಯಪ್ ಗುಂಪು ಬೇಡ. ನಿಮ್ಮ ಮಾತು ಮ್ಯಾನೇಜರ್‌ಗೆ ತಲುಪಿದ್ದು ಅಲ್ಲಿಂದಲೇ ಇರಬಹುದು. ಸ್ಕ್ರೀನ್‌ಶಾಟ್ ಒಂದು ಸಾಕು.

ಸುಮ್ನೆ ಇದ್ದುಬಿಡಲೇ ಅಂತ ಕೇಳಿದ್ದೀರಿ. ಈ ಆರು ತಿಂಗಳು ಮನೆಯಲ್ಲಿ ದುಡಿಯುವ ಇನ್ನೊಂದು ಕೈ ಇಲ್ಲ ಅಂದರೆ, ಮೊದಲ ದಾರಿಯಲ್ಲೇ ನಿಲ್ಲಿ, ಕಾಗದ ಕೂಡಿಸಿ. ಅದು ಹೇಡಿತನ ಅಲ್ಲ. ಮೂರು ವರ್ಷದ ಅವಧಿ ಇದೆ. ಇನ್ನೊಂದು ಅಂಗಡಿಗೆ ಹೋಗುವುದಾದರೆ ಹೋಗಿ, ಆದರೆ ರಾಜೀನಾಮೆ ಕೊಟ್ಟ ಎರಡು ಕೆಲಸದ ದಿನಗಳೊಳಗೆ ಪೂರ್ತಿ ಲೆಕ್ಕ ತೀರಿಸಬೇಕು ಅನ್ನುವುದು ನೆನಪಿರಲಿ. ‘ನನಗೆ ಏನೂ ಬಾಕಿ ಇಲ್ಲ’ ಅನ್ನುವ ಕಾಗದಕ್ಕೆ ಓಟಿ ಬಾಕಿ ಬರೆಯದೆ ಸಹಿ ಹಾಕಬೇಡಿ.

ಕೊನೆಗೆ ನಿಮ್ಮ ಹುದ್ದೆಯ ಬಗ್ಗೆ ಒಂದು ಮಾತು. ಟೀಮ್ ಲೀಡರ್ ಆದವರಿಂದ ಕೆಳಗಿನವರ ಶಾರ್ಟೇಜ್ ಪಟ್ಟಿಗೆ ಸಹಿ ಹಾಕಿಸಿಕೊಳ್ಳುವ ಅಭ್ಯಾಸ ತುಂಬಾ ಅಂಗಡಿಗಳಲ್ಲಿ ಇದೆ. ನಿಮ್ಮ ಮುಂದೆಯೂ ಆ ಪಟ್ಟಿ ಬಂದರೆ, ಯಾರ ವಿವರಣೆ ಕೇಳಿಲ್ಲವೋ ಆ ಹೆಸರಿನ ಮುಂದೆ ‘ವಿವರಣೆ ಕೇಳಿಲ್ಲ’ ಅಂತ ಬರೆದೇ ಸಹಿ ಮಾಡಿ, ಒಂದು ಪ್ರತಿ ಕೇಳಿ. ಪ್ರತಿ ಕೊಡುವುದಿಲ್ಲ ಅಂದರೆ ಅದೇ ರಾತ್ರಿ ಆ ವಿಷಯವನ್ನು ಎಚ್‌ಆರ್‌ಗೆ ಮೇಲ್ ಮಾಡಿ, ನಿಮ್ಮ ಸ್ವಂತ ಮೇಲ್ ವಿಳಾಸಕ್ಕೂ ಒಂದು ಪ್ರತಿ ಹಾಕಿಕೊಳ್ಳಿ.